ಮೂರು ಸಲ ಕಳಚಿದ ಹೋಸ್: ದುರಸ್ತಿಯ ಚರಿತ್ರೆಗೊಂದು ಟಿಪ್ಪಣಿ

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಒಂದು ಕೆರೆ ಕಟ್ಟಿಸಿದ. 1369ರಲ್ಲಿ ಅದರ ಬಗ್ಗೆ ಶಾಸನವನ್ನೂ ಹಾಕಿಸಿದ. ಕೆರೆಗಳ ಚರಿತ್ರೆ ಓದುವವರೆಲ್ಲ ಒಮ್ಮೆಯಾದರೂ ಎದುರಾಗುವ ಶಾಸನ ಅದು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳ ಪಟ್ಟಿಯೂ ಕೆರೆಗೆ ತಗುಲುವ ಆರು ದೋಷಗಳ ಪಟ್ಟಿಯೂ ಇದೆ. ಏರಿಯಿಂದ ನೀರು ಜಿನುಗುವುದು ಮೊದಲ ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು ದೋಷ.

ಗಡಿಯ ಈ ಮಾತನ್ನು ರಾಜಕೀಯದ ಮಾತಾಗಿಯೇ ಓದುವುದು ವಾಡಿಕೆ. ಇಬ್ಬರು ಅರಸರ ನಡುವಿನ ಕೆರೆಯನ್ನು ಯಾರೂ ನೋಡಿಕೊಳ್ಳುವುದಿಲ್ಲ, ಜಗಳವಾದರೆ ಮೊದಲು ಒಡೆಯುವುದು ಅದೇ. ಆದರೆ ಕಟ್ಟುವ ಕೈಗಳಿಗೆ ಇದರಲ್ಲಿ ಇನ್ನೂ ಹತ್ತಿರದ ಅರ್ಥವಿದೆ. ಎರಡು ಬೇರೆ ವಸ್ತುಗಳು ಕೂಡುವ ಜಾಗ ಯಾವತ್ತೂ ದುರ್ಬಲ. ಮಣ್ಣಿನ ಏರಿ ಒಂದು ರಾಜ್ಯ, ಅದರೊಳಗೆ ಹಾದುಹೋಗುವ ಕಲ್ಲಿನ ತೂಬು ಇನ್ನೊಂದು ರಾಜ್ಯ. ಏರಿ ನಡುವೆ ಒಡೆಯುವುದಕ್ಕಿಂತ ತೂಬಿನ ಹೊರಮೈಯನ್ನು ಹಿಡಿದು ನೀರು ದಾರಿ ಮಾಡಿಕೊಳ್ಳುವ ಭಯವೇ ನೀರುಗಂಟಿಗೆ ಹೆಚ್ಚು. ನಂತರದ ಎಂಜಿನಿಯರುಗಳು ಏರಿಯೊಳಗಿನ ಕೊಳವೆಯ ಸುತ್ತ ಅಲ್ಲಲ್ಲಿ ಕೊರಳಪಟ್ಟಿಯಂಥ ಕಟ್ಟು ಕಟ್ಟುತ್ತಿದ್ದುದು ಇದಕ್ಕಾಗಿಯೇ. ಮೈ ನೇರವಾಗಿದ್ದರೆ ನೀರು ಸಲೀಸಾಗಿ ಜಾರುತ್ತದೆ, ನಡುವೆ ಉಬ್ಬು ಇದ್ದರೆ ತಡೆಯುತ್ತದೆ.

ಈ ಉಬ್ಬಿನ ಮಹತ್ವವನ್ನು ನಾನು ಕಣ್ಣಾರೆ ನೋಡಿದ್ದು ಒಂದು ಕೆರೆಯಲ್ಲೇ, ಆದರೆ ತೂಬಿನಲ್ಲಲ್ಲ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಸುತ್ತ ಬೇಸಿಗೆಯ ಕೊನೆ ಎಂದರೆ ಹೂಳೆತ್ತುವ ಕಾಲ. ಕೆರೆಯ ಅಂಗಳ ಬಿರುಕು ಬಿಟ್ಟಿರುತ್ತದೆ. ತೆಂಗಿನ ತೋಟದವರು, ಹಿಪ್ಪುನೇರಳೆ ಬೆಳೆದವರು ಟ್ರ್ಯಾಕ್ಟರ್ ಟ್ರೇಲರುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಗೋಡುಮಣ್ಣಿಗೆ ಕಾಯುತ್ತಾರೆ. ಶಾಸನಗಳ ಕಾಲದ ನೂರು ಬಂಡಿಯ ಜಾಗದಲ್ಲಿ ಈಗ ಒಂದು ಹಳದಿ ಯಂತ್ರ. ಮುಂದೆ ಅಗಲವಾದ ಬಕೆಟ್, ಹಿಂದೆ ಅಗೆಯುವ ಕೈ. ಯಾವ ಕಂಪನಿಯದಾದರೂ ನಮ್ಮೂರಿನ ಬಾಯಲ್ಲಿ ಅದು ‘ಜೆಸಿಬಿ’. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲಿಷರವನು 1945ರಲ್ಲಿ ತೆರೆದ ಕಾರ್ಖಾನೆಯ ಹೆಸರು ಅದು. 1953ರಲ್ಲಿ ಅವನು ಒಂದೇ ಟ್ರ್ಯಾಕ್ಟರಿಗೆ ಹಿಂದೆ ಮುಂದೆ ಎರಡೂ ಕೈ ಜೋಡಿಸಿದ. 1979ರಿಂದ ಹರಿಯಾಣದ ಬಲ್ಲಭಗಢದಲ್ಲಿ ಅದರ ತಯಾರಿಕೆ ಶುರುವಾಯಿತು. ಇವತ್ತು ಆ ಮೂರಕ್ಷರ ಹಳ್ಳಿಯ ಮಕ್ಕಳಿಗೆ ‘ಎತ್ತಿನಗಾಡಿ’ಗಿಂತ ಹೆಚ್ಚು ಪರಿಚಿತ.

ನನ್ನ ಚಿಕ್ಕಪ್ಪನ ಬಳಿ ಅಂಥದೊಂದು ಯಂತ್ರವಿದೆ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಸೆಕೆಂಡ್ ಹ್ಯಾಂಡ್, ಸಾಲದ ಮೇಲೆ ಕೊಂಡದ್ದು. ಗಂಟೆ ಲೆಕ್ಕದ ಬಾಡಿಗೆಯಲ್ಲಿ ಕಂತು, ಡೀಸೆಲ್, ಡ್ರೈವರ್ ಸಂಬಳ ಎಲ್ಲ ಹುಟ್ಟಬೇಕು. ಮುಂಗಾರಿಗೆ ಮುಂಚಿನ ಒಂದೂವರೆ ತಿಂಗಳೇ ಅದರ ಸುಗ್ಗಿ. ಕಳೆದ ಬೇಸಿಗೆಯಲ್ಲಿ ಆ ಸುಗ್ಗಿಯ ಹತ್ತು ದಿನಗಳಲ್ಲಿ ಮೂರು ಸಲ ಒಂದೇ ಹೋಸ್ ಒಂದೇ ಜಾಗದಲ್ಲಿ ಕಳಚಿಕೊಂಡಿತು. ಗೇರ್‌ಬಾಕ್ಸಿನ ಆಯಿಲನ್ನು ತಣಿಸಲು ಕೂಲರಿಗೆ ಒಯ್ಯುವ ಹೋಸ್. ಪ್ರತಿ ಸಲವೂ ಬಿಸಿ ಆಯಿಲ್ ಕೆರೆಯಂಗಳಕ್ಕೆ ಚೆಲ್ಲಿತು. ಹುಳು ಸಾಕುವವರು ಆ ಭಾಗದ ಮಣ್ಣನ್ನು ಮುಟ್ಟಲಿಲ್ಲ. ಅವರ ಅಂಜಿಕೆ ಸಹಜ. ರೇಷ್ಮೆಹುಳುವಿಗೆ ಸೊಪ್ಪೇ ಅನ್ನ, ಸೊಪ್ಪಿಗೆ ಮಣ್ಣೇ ಮೂಲ.

ಗೇರ್‌ಬಾಕ್ಸಿನ ಆಯಿಲಿಗೆ ಕೂಲರ್ ಯಾಕೆ ಬೇಕು? ನಮ್ಮ ಹಳೆಯ ಲಾರಿಗಳಿಗೆ, ಅಂಬಾಸಿಡರಿಗೆ, ಸಾಮಾನ್ಯ ಟ್ರ್ಯಾಕ್ಟರಿಗೆ ಅದು ಬೇಕಿರಲಿಲ್ಲ. ಅಲ್ಲೆಲ್ಲ ಎಂಜಿನ್ನಿಗೂ ಗೇರಿಗೂ ನಡುವೆ ಒಣ ಕ್ಲಚ್ ಇರುತ್ತದೆ. ಎರಡು ತಟ್ಟೆಗಳು ಒಂದನ್ನೊಂದು ಒತ್ತಿ ಹಿಡಿದರೆ ಮುಗಿಯಿತು. ಈ ಹಳದಿ ಯಂತ್ರಗಳಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರ ಮೂಲ ಹಡಗಿನಲ್ಲಿದೆ. ಹರ್ಮನ್ ಫಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹಬೆಯ ಟರ್ಬೈನ್ ತೀರಾ ವೇಗವಾಗಿ ತಿರುಗುತ್ತದೆ, ಹಡಗಿನ ಪಂಖ ನಿಧಾನವಾಗಿ ತಿರುಗಬೇಕು. ಇವೆರಡರ ನಡುವೆ ಲೋಹದ ಹಲ್ಲುಗಳ ಬದಲು ದ್ರವವನ್ನೇ ಇಟ್ಟ. ಒಂದು ಚಕ್ರ ದ್ರವವನ್ನು ಎರಚುತ್ತದೆ, ಎದುರಿನ ಚಕ್ರ ಆ ಎರಚಿದ ಬಲಕ್ಕೆ ತಿರುಗುತ್ತದೆ. 1948ರ ಬ್ಯೂಕ್ ಕಾರಿನ ಡೈನಾಫ್ಲೋ ಗೇರ್‌ಬಾಕ್ಸಿನ ಹೊತ್ತಿಗೆ ಈ ವಿದ್ಯೆ ರಸ್ತೆಗೂ ಇಳಿದಿತ್ತು.

ದ್ರವದ ಕೂಟಕ್ಕೆ ಒಂದು ಬೆಲೆಯಿದೆ. ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಹೆಚ್ಚಾದಷ್ಟೂ ಆಯಿಲ್ ಕಾಯುತ್ತದೆ. ಬಕೆಟ್ ಗಟ್ಟಿ ಹೂಳಿಗೆ ನಾಟಿ ಯಂತ್ರದ ಗಾಲಿಗಳು ಮುಂದೆ ಹೋಗದೆ ನಿಂತ ಗಳಿಗೆಯಲ್ಲಿ ಎಂಜಿನ್ ಕೊಡುವ ಶಕ್ತಿ ನೆಲಕ್ಕೆ ಹೋಗುವುದೇ ಇಲ್ಲ. ಕನ್ವರ್ಟರಿಗೆ ಬಂದದ್ದೆಲ್ಲ ಕಾವಾಗುತ್ತದೆ. 75 ಅಶ್ವಶಕ್ತಿ ಎಂದರೆ ಸುಮಾರು 55 ಕಿಲೋವ್ಯಾಟ್. ಅದರ ಅರ್ಧ ಸುರಿದರೂ ಸ್ನಾನದ ನೀರು ಕಾಯಿಸುವ ಒಂದು ಕಿಲೋವ್ಯಾಟಿನ ಕಾಯಿಲ್ ಇಪ್ಪತ್ತೇಳನ್ನು ಆ ಆಯಿಲಿನಲ್ಲಿ ಮುಳುಗಿಸಿದಂತೆ. ಹೂಳೆತ್ತುವ ಕೆಲಸದಲ್ಲಿ ಇಂಥ ಗಳಿಗೆ ನಿಮಿಷಕ್ಕೊಮ್ಮೆ ಬರುತ್ತದೆ. ಆ ಕಾವನ್ನು ಹೊರಗೊಯ್ಯಲು ಕೂಲರ್, ಕೂಲರಿಗೆ ಹೋಗಿ ಬರಲು ಎರಡು ಹೋಸ್.

ಮೊದಲ ಸಲ ಹೋಸ್ ಕಳಚಿದಾಗ ಡ್ರೈವರ್ ಅದನ್ನೇ ಮತ್ತೆ ಏರಿಸಿ ಕ್ಲಿಪ್ಪನ್ನು ಬಿಗಿದ. ಎರಡನೇ ಸಲ ಹೊಸ ಕ್ಲಿಪ್ ಬಂತು. ಮೂರನೇ ಸಲ ಒಂದರ ಪಕ್ಕ ಇನ್ನೊಂದರಂತೆ ಎರಡು ಕ್ಲಿಪ್ ಇದ್ದವು, ಎರಡೂ ಹೋಸಿನ ಜೊತೆಗೇ ಬಂದವು. “ಕ್ಲಿಪ್ ಸರಿಯಿಲ್ಲ ಕಣವ್ವ, ಒಳ್ಳೆ ಕಂಪನೀದು ತಂದಾಕುದ್ರೆ ನಿಂತ್ಕತದೆ” ಎಂದರು ಚಿಕ್ಕಪ್ಪ.

ಈ ಕ್ಲಿಪ್ಪಿನ ಚರಿತ್ರೆಯೂ ಸ್ವಾರಸ್ಯದ್ದೇ. ಸುತ್ತುಪಟ್ಟಿಯ ಮೇಲೆ ಓರೆಗೀರು, ಅದಕ್ಕೆ ಹಲ್ಲು ಕೂಡಿಸುವ ಸ್ಕ್ರೂ, ತಿರುಗಿಸಿದಂತೆ ಪಟ್ಟಿ ಬಿಗಿಯುವುದು. ಲಮ್ಲಿ ರಾಬಿನ್ಸನ್ ಎಂಬ ಬ್ರಿಟಿಷ್ ನೌಕಾಪಡೆಯ ನಿವೃತ್ತ ಕಮಾಂಡರ್ 1921ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದ. ‘ಜುಬಿಲಿ ಕ್ಲಿಪ್’ ಎಂದೇ ಅದು ಹೆಸರಾಯಿತು. ನೂರು ವರ್ಷ ದಾಟಿದರೂ ಚನ್ನಪಟ್ಟಣದ ಹಾರ್ಡ್‌ವೇರ್ ಅಂಗಡಿಯ ಮೊಳೆಯಲ್ಲಿ ಗೊಂಚಲಾಗಿ ತೂಗುವುದು ಅದೇ ವಿನ್ಯಾಸ. ಇಷ್ಟು ದೀರ್ಘ ಬಾಳಿದ ವಸ್ತುವಿನ ಮೇಲೆ ತಪ್ಪು ಹೊರಿಸುವುದು ಸುಲಭ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ.

ನಾಲ್ಕನೇ ಬಾರಿಗೆ ಚಿಕ್ಕಪ್ಪ ಚನ್ನಪಟ್ಟಣದಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಎಲ್ಲರೂ ಅವರನ್ನು ‘ಭಾಯ್’ ಎನ್ನುತ್ತಾರೆ. ಅವರು ಬಂದವರೇ ಸ್ಪ್ಯಾನರ್ ತೆಗೆಯಲಿಲ್ಲ. “ಎಲ್ಲಿ ಬಿಡ್ತು ಅಂತ ನನಗೆ ಕಾಣ್ತದೆ. ಯಾವಾಗ ಬಿಡ್ತು, ಅದು ಹೇಳಿ” ಎಂದು ಡ್ರೈವರನ್ನು ಕೂರಿಸಿಕೊಂಡರು. ಬೆಳಿಗ್ಗೆ ಶುರು ಮಾಡಿದಾಗ ಏನೂ ಆಗುವುದಿಲ್ಲ, ಎರಡು ಗಂಟೆ ಕೆಲಸವಾದ ಮೇಲೆ, ಹೂಳಿಗೆ ಬಕೆಟ್ ಒತ್ತಿದಾಗ ಅಥವಾ ತಟ್ಟನೆ ಮುಂದಿನಿಂದ ಹಿಂದಕ್ಕೆ ಗೇರ್ ಹಾಕಿದಾಗ ಬಿಡುತ್ತದೆ ಎಂಬುದು ಮಾತಿನಿಂದ ಹೊರಬಂತು. ಕಾವು, ಒತ್ತಡ, ಎಳೆತ: ವಿಚಾರಿಸಬೇಕಾದ ಮೂರು ಸಂಗತಿಗಳು ಆ ಉತ್ತರದಲ್ಲೇ ಇದ್ದವು.

ಒತ್ತಡದಿಂದ ಶುರು ಮಾಡಿದರು. ಎರಡು ಹೋಸಿನಲ್ಲಿ ಕಳಚುತ್ತಿದ್ದುದು ಕೂಲರಿಗೆ ಹೋಗುವುದು, ಅಲ್ಲಿಂದ ವಾಪಸು ಬರುವುದಲ್ಲ. ಹೋಗುವ ಹೋಸ್ ಬಿಡುತ್ತಿದ್ದರೆ ಮುಂದೆ ಎಲ್ಲೋ ಅಡ್ಡಿ ಇರಬಹುದು. ಕೂಲರನ್ನು ಬಿಚ್ಚಿ ಡೀಸೆಲಿನಲ್ಲಿ ತೊಳೆದು ಗಾಳಿ ಊದಿದರೆ ಒಳಗಿನಿಂದ ಕಪ್ಪು ಕೆಸರು, ರಬ್ಬರಿನ ಚೂರುಗಳು ಬಂದವು. ಕೂಲರಿನ ದಾರಿ ಅರ್ಧ ಮುಚ್ಚಿತ್ತು. ಅರ್ಧ ಇಂಚಿನ ಕೊಳವೆಯ ಬಾಯಿ ಸುಮಾರು 1.27 ಚದರ ಸೆಂಟಿಮೀಟರ್. ಒಳಗೆ 3 ಬಾರ್ ಒತ್ತಡವಿದ್ದರೆ ಹೋಸನ್ನು ಹೊರತಳ್ಳುವ ಬಲ ಸುಮಾರು 4 ಕೆಜಿ. ಅಡ್ಡಿಯಿಂದಾಗಿ ಅದು 10 ಬಾರಿಗೆ ಏರಿದರೆ 13 ಕೆಜಿ. ಎಡೆಬಿಡದೆ ಒಂದು ಹಸುಗೂಸಿನ ಬದಲು ನಾಲ್ಕು ವರ್ಷದ ಮಗು ಜೋತುಬಿದ್ದಂತೆ.

ಆಮೇಲೆ ಎಳೆತ. ಬ್ರೇಕ್ ಹಿಡಿಸಿ, ಡ್ರೈವರಿಗೆ ಮುಂದೆ ಹಿಂದೆ ಗೇರ್ ಹಾಕಲು ಹೇಳಿ, ಭಾಯ್ ಟಾರ್ಚ್ ಬಿಟ್ಟು ನೋಡಿದರು. ಎಂಜಿನ್ ಒಂದು ಕಡೆಗೆ ವಾಲಿ ಮತ್ತೆ ಕೂರುತ್ತಿತ್ತು. ಅದನ್ನು ಹೊತ್ತ ರಬ್ಬರ್ ಮೌಂಟಿಂಗುಗಳಲ್ಲಿ ಒಂದು ಸೀಳಿತ್ತು. ಎಂಜಿನ್ ವಾಲಿದಾಗಲೆಲ್ಲ ಗೇರ್‌ಬಾಕ್ಸೂ ವಾಲುತ್ತದೆ, ಕೂಲರ್ ಮಾತ್ರ ಚಾಸಿಯಲ್ಲಿ ಅಲುಗದೆ ಕೂತಿರುತ್ತದೆ. ನಡುವಿನ ಹೋಸ್ ಪ್ರತಿ ಸಲವೂ ಒಂದಿಷ್ಟು ಎಳೆಸಿಕೊಳ್ಳುತ್ತದೆ.

ಕೊನೆಗೆ ಕಳಚಿದ ಜಾಗ. ಭಾಯ್ ಆ ಲೋಹದ ಕೊಳವೆಯ ತುದಿಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಬೆರಳನ್ನು ಅದರ ಮೇಲೆ ಆಡಿಸಲು ಹೇಳಿದರು. ನುಣ್ಣಗಿತ್ತು. “ಕಚ್ಕೊಳ್ಳೋಕೆ ಏನಾದ್ರೂ ಸಿಕ್ತಾ ಅಮ್ಮಾ? ಕಂಪನಿಯಿಂದ ಬಂದಾಗ ಇಲ್ಲೊಂದು ಉಬ್ಬು ಇರ್ತದೆ, ಬಳೆ ಥರ. ಯಾರೋ ಕೊಯ್ದುಬಿಟ್ಟವ್ರೆ.” ತುದಿಯಿಂದ ಎರಡು ಗೇಣು ಹಿಂದಕ್ಕೆ ಹಿತ್ತಾಳೆ ಬೆಸುಗೆಯ ಹಳದಿ ಉಂಗುರ ಕಂಡಿತು. ಮುಂಚೆ ಯಾವಾಗಲೋ ಕೊಳವೆ ಸೀಳಿದೆ. ಆಗ ಯಾರೋ ಆ ಭಾಗವನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ, ಕೈಗೆ ಸಿಕ್ಕ ಬೇರೆ ಕೊಳವೆಯ ತುಂಡನ್ನು ಬೆಸೆದಿದ್ದಾರೆ. ಭಾಯ್ ವರ್ನಿಯರ್ ಇಟ್ಟು ನೋಡಿದರು. ಹಳೆಯ ಕೊಳವೆ 12.7 ಮಿಲಿಮೀಟರ್, ಹೊಸ ತುಂಡು 12.

ಈ 0.7 ಮಿಲಿಮೀಟರಿನೊಳಗೆ ಒಂದು ಶತಮಾನದ ಅಳತೆಯ ಚರಿತ್ರೆ ಅಡಗಿದೆ. ಭಾರತ 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಮಾಡಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿಗೆ ಬದಲಾಯಿತು. ಸೇರು, ಮಣ ಅಂಗಡಿಯಿಂದ ಹೋದವು. ಬಟ್ಟೆಯ ಗಜ ಮೀಟರಾಯಿತು. ಆದರೆ ಕೊಳವೆಯ ಲೋಕದಲ್ಲಿ ಇಂಚು ಹೋಗಲೇ ಇಲ್ಲ. ನಲ್ಲಿಗೆ ಅರ್ಧ ಇಂಚು, ಬೋರ್‌ವೆಲ್ಲಿಗೆ ಆರೂವರೆ ಇಂಚು ಎನ್ನುತ್ತೇವೆ. ಹೈಡ್ರಾಲಿಕ್ ಹೋಸಿನ ವ್ಯಾಪಾರದಲ್ಲಿ ‘ಎಂಟನೇ ನಂಬರ್’ ಎಂದರೆ ಇಂಚಿನ ಹದಿನಾರನೇ ಒಂದರ ಎಂಟು ಪಾಲು, ಅಂದರೆ ಅರ್ಧ ಇಂಚು. ಲೋಹದ ಕೊಳವೆ ಮಾತ್ರ ಎರಡೂ ಪದ್ಧತಿಯಲ್ಲಿ ಸಿಗುತ್ತದೆ. ಇಂಚಿನ ಹೋಸಿಗೆ ಮೆಟ್ರಿಕ್ ಕೊಳವೆ ಹಾಕಿದರೆ ಕೈಗೆ ಸರಿಯೆನಿಸುತ್ತದೆ, ಕ್ಲಿಪ್ ಬಿಗಿದರೆ ಸೋರುವುದೂ ಇಲ್ಲ. ಕಾವೇರಿ ರಬ್ಬರ್ ಮೆತ್ತಗಾದಾಗ ಆ ಕೂದಲೆಳೆ ಅಂತರ ಬಾಯಿ ಬಿಡುತ್ತದೆ. ಪೋರುಮಾಮಿಳ್ಳದವರು ಹೇಳಿದ ಎರಡು ರಾಜ್ಯಗಳ ಗಡಿ ನಮ್ಮ ಕಾಲದಲ್ಲಿ ಇಲ್ಲೂ ಹಾದುಹೋಗಿದೆ.

ರಬ್ಬರಿನದೂ ಒಂದು ಮಾತಿದೆ. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೇಲೆ ರಬ್ಬರ್ ಕೊಳವೆಯಾಗುವಷ್ಟು ಗಟ್ಟಿಯಾಯಿತು. ಆದರೆ ಸಹಜ ರಬ್ಬರ್ ಖನಿಜ ತೈಲದಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ತೈಲ ತಾಳುವ ನೈಟ್ರೈಲ್ ರಬ್ಬರ್ ಬಂದದ್ದು 1930ರ ದಶಕದ ಜರ್ಮನಿಯಲ್ಲಿ. ಹೊರಗಿನಿಂದ ಎರಡೂ ಒಂದೇ ಕಪ್ಪು. ಎರಡನೇ ಸಲ ಕಳಚಿದಾಗ ತಂದಿದ್ದ ತುಂಡು ರೇಡಿಯೇಟರಿನ ನೀರಿನ ಹೋಸ್ ಎಂಬುದನ್ನು ಭಾಯ್ ಉಗುರಿನಿಂದ ಒತ್ತಿಯೇ ಗುರುತಿಸಿದರು. ಒಳಮೈ ಜಿಗುಟಾಗಿತ್ತು.

ಚರಿತ್ರೆಯ ತರಗತಿಯಲ್ಲಿ ನಮಗೆ ಮೊದಲು ಕಲಿಸುವ ಪಾಠವೆಂದರೆ ಘಟನೆಗೆ ಒಂದೇ ಕಾರಣ ಹುಡುಕಬೇಡಿ ಎಂಬುದು. ಕೂಲರ್ ಕಟ್ಟಿದ್ದರೂ ಉಬ್ಬು ಇದ್ದಿದ್ದರೆ ಹೋಸ್ ಬಹುಕಾಲ ನಿಲ್ಲುತ್ತಿತ್ತು. ಉಬ್ಬು ಇಲ್ಲದಿದ್ದರೂ ಮೌಂಟಿಂಗ್ ಗಟ್ಟಿಯಿದ್ದು ಒತ್ತಡ ಕಡಿಮೆಯಿದ್ದಿದ್ದರೆ ಒಂದು ಸುಗ್ಗಿ ಕಳೆಯುತ್ತಿತ್ತು. ಬೇರೆ ಬೇರೆ ಕಾಲದ ನಾಲ್ಕು ಲೋಪಗಳು ಆ ಹತ್ತು ದಿನಗಳಲ್ಲಿ ಒಂದೆಡೆ ಸೇರಿದವು. ಕ್ಲಿಪ್ ಆ ನಾಲ್ಕರಲ್ಲಿ ಒಂದೂ ಅಲ್ಲ.

ದುರಸ್ತಿ ಎರಡು ದಿನ ಹಿಡಿಯಿತು. ಚನ್ನಪಟ್ಟಣ ಆಲೆಮರದ ಬೊಂಬೆಗೆ ಹೆಸರಾದ ಊರು, ತಿರುಗುವ ಚಕ್ರಕ್ಕೆ ಉಳಿ ಹಿಡಿಯುವುದು ಅಲ್ಲಿ ಬೀದಿಬೀದಿಯ ವಿದ್ಯೆ. ಕಬ್ಬಿಣದ ಲೇತ್ ಅಂಗಡಿಯೊಂದರಲ್ಲಿ ಭಾಯ್ ಅರ್ಧ ಇಂಚಿಗೆ ಸರಿಹೊಂದುವ, ಮೈಮೇಲೆ ಗರಗಸದ ಹಲ್ಲಿನಂತೆ ಮೂರು ಮೆಟ್ಟಿಲುಗಳಿರುವ ನಿಪ್ಪಲ್ ತಿರುಗಿಸಿಕೊಂಡು ಬಂದರು. ಹಳೆಯ ಬೆಸುಗೆಯ ಹಿಂದಕ್ಕೆ, ಮೂಲ ಕೊಳವೆಗೇ ಅದನ್ನು ಬೆಸೆದರು. ಬೆಸುಗೆಯ ಹುಡಿ ಒಳಗುಳಿದರೆ ಗೇರ್‌ಬಾಕ್ಸಿಗೆ ಹೋಗುತ್ತದೆಂದು ಎರಡು ಸಲ ತೊಳೆದರು. ಆಯಿಲಿಗೆಂದೇ ಮಾಡಿದ ಹೋಸ್ ತಂದು, ಎಂಜಿನ್ ವಾಲಿದರೂ ಎಳೆಯದಂತೆ ಎರಡು ಅಂಗುಲ ಉದ್ದವಾಗಿಯೇ ಕತ್ತರಿಸಿದರು. ಮೌಂಟಿಂಗ್ ಬದಲಾಯಿತು. ಕ್ಲಿಪ್ ಮಾತ್ರ ಹಳೆಯದೇ, ಒಂದೇ. ಆದರೆ ಅದು ಕೂತದ್ದು ಮೆಟ್ಟಿಲಿನ ಮೇಲಲ್ಲ, ಹೋಸಿನ ತುದಿಗೂ ಅಲ್ಲ, ಮೆಟ್ಟಿಲುಗಳ ಹಿಂದಿನ ತಗ್ಗಿನಲ್ಲಿ. ಹೋಸ್ ಜಾರಬೇಕೆಂದರೆ ಕ್ಲಿಪ್ಪಿನ ಬಿಗಿತದ ಕೆಳಗೆ ಮೆಟ್ಟಿಲು ಹಾದುಹೋಗಬೇಕು. “ಜಾಸ್ತಿ ಬಿಗೀಬೇಡ, ರಬ್ಬರ್ ಕೊಯ್ಯತದೆ” ಎಂದು ಡ್ರೈವರಿಗೆ ಹೇಳಿ, ಕೊನೆಗೆ ಹೋಸು ಮತ್ತು ಕೊಳವೆ ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದರು. ಗೆರೆ ತುಂಡಾಗಿ ನಡುವೆ ಸಂದು ಕಂಡರೆ ಹೋಸ್ ಜಾರುತ್ತಿದೆ ಎಂದರ್ಥ. ಕಳಚುವುದಕ್ಕೆ ದಿನಗಳ ಮುಂಚೆ ತಿಳಿಯುತ್ತದೆ.

ಆ ಉಬ್ಬನ್ನು ಕೊಯ್ದ ಅಪರಿಚಿತನ ಬಗ್ಗೆ ಚಿಕ್ಕಪ್ಪ ಬಾಯಿಗೆ ಬಂದಂತೆ ಬೈದರು. ಭಾಯ್ ಬೈಯಲಿಲ್ಲ. “ಅವತ್ತು ಅವರಿಗೂ ಸೀಜನ್ ಇದ್ದಿರ್ತದೆ, ಕಂತು ಇದ್ದಿರ್ತದೆ” ಎಂದಷ್ಟೇ ಅಂದರು. ಎರಡು ದಿನ ಯಂತ್ರ ನಿಲ್ಲಿಸುವ ಶಕ್ತಿಯಿಲ್ಲದ ಮಾಲೀಕ ಒಂದು ಗಂಟೆಯ ಕೆಲಸ ಕೇಳಿರಬೇಕು. ಕೇಳಿದಷ್ಟನ್ನು ಮೆಕ್ಯಾನಿಕ್ ಮಾಡಿರಬೇಕು. ಆ ಒಂದು ಗಂಟೆ ಉಳಿಸಿದ ಹಣದ ಬಾಕಿಯನ್ನು ವರ್ಷಗಳ ಮೇಲೆ ಬೇರೊಬ್ಬರು ತೀರಿಸಿದರು, ಆಯಿಲ್ ಬಿದ್ದ ಮಣ್ಣಿನ ರೂಪದಲ್ಲಿ ಕೆರೆಯೂ ಒಂದಿಷ್ಟು ತೀರಿಸಿತು.

ಇಲ್ಲಿ ನನಗೆ ಹಳೆಯ ಕೆರೆಗಳ ವ್ಯವಸ್ಥೆ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ಚನ್ನಪಟ್ಟಣ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿವೆ. ಆಗಿನ ಬೆಂಗಳೂರು ಜಿಲ್ಲೆಯ ಆ ಸಂಪುಟ 1905ರಲ್ಲಿ ಹೊರಬಂತು. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೊಗಳಿಕೆಯ ಜೊತೆಗೇ ಬಿತ್ತುವಟ್ಟ, ದಶವಂದ, ಕಟ್ಟುಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆಯ ನೀರುಂಡು ಬೆಳೆದದ್ದರಲ್ಲಿ ಒಂದು ಪಾಲು, ಅಥವಾ ಕೆರೆಯ ಕೆಳಗಿನ ಇಷ್ಟು ಗದ್ದೆ, ಕೆರೆಯ ಕೆಲಸಕ್ಕೇ ಮೀಸಲು. ಹೂಳು ಹೊರುವ ಬಂಡಿಗೆ, ಬಂಡಿಯ ಕೋಣಗಳಿಗೆ, ಅದರ ಆಳಿಗೆ ದತ್ತಿ ಬಿಟ್ಟ ಶಾಸನಗಳೂ ಇವೆ. ಹಾಳಾಗುವುದು ಖಂಡಿತ, ಆದ್ದರಿಂದ ಸರಿಮಾಡುವ ಖರ್ಚನ್ನು ಕಟ್ಟುವ ದಿನವೇ ತೆಗೆದಿಡಬೇಕು ಎಂಬ ಲೆಕ್ಕಾಚಾರ ಅದು. ಆ ವ್ಯವಸ್ಥೆ ನ್ಯಾಯವಾಗಿತ್ತು ಎಂದೇನೂ ನಾನು ಹೇಳುವುದಿಲ್ಲ. ದತ್ತಿ ಗದ್ದೆ ಯಾರ ಹೆಸರಿಗೆ, ಹೂಳು ಯಾರ ತಲೆಯ ಮೇಲೆ ಎಂಬ ಪ್ರಶ್ನೆಗೆ ಜಾತಿಯ ಉತ್ತರವಿತ್ತು. ಆದರೆ ದುರಸ್ತಿಗೊಂದು ಬಾಬತ್ತು ಇತ್ತು, ಅದಕ್ಕೆ ಕಲ್ಲಿನ ಮೇಲೆ ದಾಖಲೆಯಿತ್ತು.

ಇವತ್ತಿನ ಕೆರೆಯಂಗಳಕ್ಕೆ ಬರುವ ಯಂತ್ರದ ಸಾಲಪತ್ರದಲ್ಲಿ ಅಸಲು, ಬಡ್ಡಿ, ತಡವಾದರೆ ದಂಡ ಎಲ್ಲಕ್ಕೂ ಕಲಮು ಇದೆ. ಬಿತ್ತುವಟ್ಟಕ್ಕೆ ಇಲ್ಲ. ಕೈಯಿಂದ ಕೈಗೆ ಮಾರಾಟವಾಗುವಾಗ ಆರ್‌ಸಿ, ವಿಮೆ ಜೊತೆಗೆ ಬರುತ್ತವೆ. ಯಾವ ಕೊಳವೆಯನ್ನು ಯಾವಾಗ ಕತ್ತರಿಸಿದರು, ಎಷ್ಟು ಅಳತೆಯದನ್ನು ಸೇರಿಸಿದರು ಎಂಬ ಚೀಟಿ ಬರುವುದಿಲ್ಲ. ನಾವು ಅಧ್ಯಯನ ಮಾಡುವವರೂ ಹಾಗೆಯೇ. ಅಣೆಕಟ್ಟು, ಕಾರ್ಖಾನೆ, ರಸ್ತೆ ಉದ್ಘಾಟನೆಯಾದ ದಿನಾಂಕ ನಮ್ಮ ಬಳಿ ಇರುತ್ತದೆ. ಅವನ್ನು ಬೆಳಗಾದರೆ ನಡೆಸುತ್ತಿರುವ ಕೈಗಳು ಏನು ಮಾಡಿದವು ಎಂಬುದಕ್ಕೆ ಹಿತ್ತಾಳೆ ಬೆಸುಗೆಯ ಉಂಗುರದಂಥ ಗುರುತುಗಳೇ ಸಾಕ್ಷಿ. ಓದಬಲ್ಲವರು ಮೆಕ್ಯಾನಿಕ್‌ಗಳು, ಬರೆಯಬಲ್ಲವರು ನಾವು. ಈ ಎರಡರ ನಡುವಿನ ಜಾಯಿಂಟೂ ಸಡಿಲವಾಗಿಯೇ ಇದೆ.

ಯಂತ್ರದ ಕ್ಯಾಬಿನ್ನಿನಲ್ಲಿ ಚಿಕ್ಕಪ್ಪ ಈಗ ಎರಡು ರೂಲಿನ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಮೊದಲ ಪುಟವನ್ನು ಭಾಯ್ ಹೇಳುತ್ತಾ ಹೋದಂತೆ ನಾನು ಬರೆದೆ: ತಾರೀಕು, ಗಂಟೆಮೀಟರಿನ ಅಂಕಿ, ಹೋಸ್ ಅರ್ಧ ಇಂಚು, ಆಯಿಲಿನದು, ನಿಪ್ಪಲ್ ಲೇತಿನಲ್ಲಿ ಮಾಡಿಸಿದ್ದು, ಬಿಳಿ ಗೆರೆ ನೋಡಿಕೊಳ್ಳಬೇಕು. ಮುಂಗಾರು ಬಂದು ಆ ಕೆರೆಗೆ ನೀರು ನಿಂತಿತು. ಯಂತ್ರ ಬೇರೆ ಊರಿನ ಪಾಯ ತೋಡಲು ಹೋಯಿತು. ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ. ಗೆರೆಯ ಮೇಲೆ ಧೂಳು ಕೂತಿತ್ತು, ಗೆರೆ ಮಾತ್ರ ಎಳೆದಂತೆಯೇ ಇತ್ತು. ನೋಟ್‌ಬುಕ್ಕಿನಲ್ಲಿ ಡ್ರೈವರಿನ ಕೈಬರಹದಲ್ಲಿ ಇನ್ನೂ ಎರಡು ಪುಟ ತುಂಬಿದ್ದವು.